ವೆಬ್ ಸರ್ವರಿನಲ್ಲಿ ಅರ್ಥಿಗಳ ಸಂಪರ್ಕಪಾಲನೆ



ಜಾತ್ರೆಯ ದಿವಸ ದಾಸೋಹದ ಮನೆಯಲ್ಲಿ ಸೌಟು ಹಿಡಿದು ನಿಂತವರಿಗೆ ಒಂದು ಸಂಗತಿಯು ಚೆನ್ನಾಗಿ ತಿಳಿದಿರುತ್ತದೆ. ಕೊಪ್ಪರಿಗೆಯಲ್ಲಿ ಅನ್ನವು ಬೇಕಾದಷ್ಟು ಇದ್ದರೂ, ಬಡಿಸುವವರು ದಣಿಯದಿದ್ದರೂ, ಪಂಕ್ತಿಯ ವ್ಯವಸ್ಥೆಯು ಕೆಟ್ಟರೆ ಹಸಿದು ಬಂದವನು ಹಸಿದೇ ಹೋಗುವನು. ಉಂಡವರು ಎಲೆಯ ಮುಂದಿನಿಂದ ಏಳದಿದ್ದರೆ ಬಾಗಿಲ ಹೊರಗೆ ನಿಂತವರಿಗೆ ಎಡೆ ದೊರೆಯದು. ಉಣ್ಣುತ್ತಿರುವವರನ್ನು ಅವಸರದಿಂದ ಎಬ್ಬಿಸಿದರೆ ಅದು ದಾಸೋಹವೇ ಅಲ್ಲ. ಈ ಎರಡರ ನಡುವಣ ಹದವನ್ನು ಕಾಯುವದೇ ಪಂಕ್ತಿಯನ್ನು ನೋಡಿಕೊಳ್ಳುವವನ ಕೆಲಸ. ಇಂದಿನ ಉಪನ್ಯಾಸದ ವಿಷಯವು ಯಂತ್ರಕ್ಕೆ ಸಂಬಂಧಪಟ್ಟದ್ದಾದರೂ ಅದರ ತಿರುಳು ಇದೇ ಹದವಾಗಿದೆ. ವೆಬ್ ಸರ್ವರ್ ಎಂಬ ತಂತ್ರಾಂಶವು ತನ್ನಲ್ಲಿಗೆ ಬರುವ ಸಾವಿರಾರು ಅರ್ಥಿಗಳ ಸಂಪರ್ಕಗಳನ್ನು ಹೇಗೆ ಸ್ವೀಕರಿಸುತ್ತದೆ, ಎಷ್ಟು ಹೊತ್ತು ಕಾಯುತ್ತದೆ, ಯಾವಾಗ ಬಿಡುತ್ತದೆ ಎಂಬುದನ್ನು ವಿಚಾರಿಸುವದೇ ಇಲ್ಲಿಯ ಉದ್ದೇಶವು.

ಮಠದ ಉತ್ಸವದಲ್ಲಿ ಇಂಥ ವಿಷಯವೇಕೆ ಎಂದು ಯಾರಾದರೂ ಕೇಳಬಹುದು. ಅದಕ್ಕೆ ಉತ್ತರವು ದೂರದಲ್ಲಿಲ್ಲ. ನವಲಗುಂದದ ಒಕ್ಕಲಿಗನು ತನ್ನ ಹೊಲದ ಪಹಣಿಯನ್ನು ಪಡೆಯಬೇಕಾದರೆ, ಕುಂದಗೋಳದ ವಿದ್ಯಾರ್ಥಿನಿಯು ಪರೀಕ್ಷೆಯ ಫಲವನ್ನು ತಿಳಿಯಬೇಕಾದರೆ, ಹುಬ್ಬಳ್ಳಿಯ ಪ್ರಯಾಣಿಕನು ಅಂಗೈಯೊಳಗಿನ ಫೋನಿನಿಂದಲೇ ರೈಲಿನ ಟಿಕೀಟು ಕಾದಿರಿಸಬೇಕಾದರೆ, ಇವರೆಲ್ಲರ ಬೇಡಿಕೆಯು ಎಲ್ಲಿಯೋ ಇರುವ ಸರ್ವರೊಂದರ ಬಾಗಿಲಿಗೆ ಹೋಗಿ ನಿಲ್ಲುತ್ತದೆ. ಕಚೇರಿಯ ಕಿಟಕಿಯಲ್ಲಿ “ಸರ್ವರ್ ಡೌನ್ ಐತ್ರಿ, ನಾಳೆ ಬರ್ರಿ” ಎಂಬ ಮಾತನ್ನು ಕೇಳದವರು ಈ ಸಭೆಯಲ್ಲಿ ವಿರಳ. ಆದರೆ ಹಾಗೆ ಹೇಳುವಾಗ ಅನೇಕ ಸಾರೆ ಆ ಯಂತ್ರವು ಕೆಟ್ಟಿರುವದಿಲ್ಲ, ನಿಂತಿರುವದೂ ಇಲ್ಲ. ಅದರ ಎಡೆಗಳೆಲ್ಲ ತುಂಬಿಹೋಗಿರುತ್ತವೆ. ಆ ಎಡೆಗಳಲ್ಲಿ ಕುಳಿತವರು ಯಾರು, ಅವರು ಉಣ್ಣುತ್ತಿರುವರೋ ಸುಮ್ಮನೆ ಕುಳಿತಿರುವರೋ ಎಂಬುದು ಯಾರ ಗಮನಕ್ಕೂ ಬಂದಿರುವದಿಲ್ಲ. ಆದುದರಿಂದ ಈ ವಿಷಯವು ತಂತ್ರಜ್ಞರದಷ್ಟೇ ಅಲ್ಲ, ಬಾಗಿಲಲ್ಲಿ ಕಾದು ನಿಂತವರದೂ ಆಗಿದೆ.

ಮೊದಲು ಲಕ್ಷಣವನ್ನು ತಿಳಿಯತಕ್ಕದ್ದು. ಸರ್ವರ್ ಎಂದರೆ ಸೇವೆ ಮಾಡುವದು. ಕ್ಲಾಯಂಟ್ ಎಂದರೆ ಸೇವೆಯನ್ನು ಬೇಡುವದು. ಮೊದಲನೆಯದನ್ನು ಸರ್ವರ್ ಎಂತಲೇ, ಎರಡನೆಯದನ್ನು ಅರ್ಥಿ ಎಂತಲೂ ಇಲ್ಲಿ ಕರೆಯಲಾಗುವದು. ಇವೆರಡರ ನಡುವೆ ಏರ್ಪಡುವ ಮಾತುಕತೆಯ ದಾರಿಗೆ ಸಂಪರ್ಕವೆಂದು ಹೆಸರು. ಈ ಸಂಪರ್ಕದ ಸ್ವರೂಪವು ಆಕಾಶವಾಣಿಯ ಸ್ವರೂಪಕ್ಕಿಂತ ಭಿನ್ನವಾದದ್ದು. ಧಾರವಾಡದ ಆಕಾಶವಾಣಿ ಕೇಂದ್ರವು 1950ರ ಜನವರಿ 8ರಂದು ಪ್ರಾರಂಭವಾಯಿತು. ಅಲ್ಲಿಂದ ಹೊರಟ ಹಾಡನ್ನು ಹತ್ತು ಮನೆಗಳವರು ಕೇಳಿದರೂ ಹತ್ತು ಲಕ್ಷ ಮನೆಗಳವರು ಕೇಳಿದರೂ ಕೇಂದ್ರಕ್ಕೆ ಹೆಚ್ಚಿನ ಶ್ರಮವಿಲ್ಲ. ಕೇಳುವವರು ಯಾರೆಂಬುದು ಅದಕ್ಕೆ ಗೊತ್ತೂ ಇಲ್ಲ. ವೆಬ್ ಸರ್ವರಿನ ಸಂಗತಿಯು ಹಾಗಲ್ಲ. ಪ್ರತಿಯೊಬ್ಬ ಅರ್ಥಿಯೂ ಬೇರೆ ಬೇರೆಯಾಗಿ ಬಂದು ಬಾಗಿಲು ತಟ್ಟುವನು. ಪ್ರತಿಯೊಬ್ಬನ ಬೇಡಿಕೆಯೂ ಬೇರೆ. ಪ್ರತಿಯೊಬ್ಬನನ್ನೂ ನೆನಪಿಟ್ಟು, ಅವನದನ್ನು ಅವನಿಗೇ ತಲುಪಿಸಬೇಕು. ಒಬ್ಬನು ಹೆಚ್ಚಾದರೆ ಒಂದು ಎಡೆಯು ಹೆಚ್ಚಾಗಿ ಬೇಕು.

ಸಂಪರ್ಕವು ಹುಟ್ಟುವ ಕ್ರಮವು ಹೀಗಿದೆ. ಅರ್ಥಿಯ ಯಂತ್ರವು “ಮಾತಾಡಬಹುದೇ?” ಎಂದು ಮೊದಲ ಸಂದೇಶವನ್ನು ಕಳುಹುವದು. ಸರ್ವರಿನ ಯಂತ್ರವು “ಆಗಬಹುದು, ನನ್ನ ಮಾತು ಕೇಳುತ್ತಿದೆಯೇ?” ಎಂದು ಮರುನುಡಿಯುವದು. ಅರ್ಥಿಯು “ಕೇಳುತ್ತಿದೆ” ಎಂದು ಮೂರನೆಯ ಸಂದೇಶವನ್ನು ಕಳುಹಿದೊಡನೆ ಸಂಪರ್ಕವು ಸಿದ್ಧವಾಯಿತು. ಟಿಸಿಪಿ ಎಂದು ಪ್ರಸಿದ್ಧವಾದ ಈ ನಿಯಮದ ಮುಖ್ಯ ಗ್ರಂಥವು 1981ರಲ್ಲಿ ಪ್ರಕಟವಾಯಿತು. ಅರ್ಥಿಯ ವಿಳಾಸ, ಅವನ ಕಡೆಯ ದ್ವಾರಸಂಖ್ಯೆ, ಸರ್ವರಿನ ವಿಳಾಸ, ಅದರ ದ್ವಾರಸಂಖ್ಯೆ ಎಂಬ ನಾಲ್ಕು ಗುರುತುಗಳಿಂದ ಒಂದು ಸಂಪರ್ಕವನ್ನು ಮತ್ತೊಂದರಿಂದ ಬೇರ್ಪಡಿಸುವರು. ವೆಬ್ ಸರ್ವರಿನ ರೂಢಿಯ ದ್ವಾರಗಳು ಎರಡು: ಬಯಲು ಮಾತಿಗೆ 80, ಗುಪ್ತಲಿಪಿಯ ಮಾತಿಗೆ 443. ಹೀಗೆ ಸಿದ್ಧವಾದ ಸಂಪರ್ಕಗಳು ಕೂಡಲೆ ಒಳಗೆ ಬರುವದಿಲ್ಲ. ಬಾಗಿಲ ಹೊರಗಿನ ಸಾಲಿನಲ್ಲಿ ನಿಂತಿರುತ್ತವೆ. ಸರ್ವರ್ ಒಂದೊಂದನ್ನೇ ಒಳಗೆ ಕರೆದುಕೊಳ್ಳುತ್ತದೆ. ಆ ಸಾಲಿಗೂ ಮಿತಿಯುಂಟು. ಅಪಾಚೆ ಎಂಬ ಪ್ರಸಿದ್ಧ ಸರ್ವರಿನಲ್ಲಿ ಬೇರೆ ಹೇಳದಿದ್ದರೆ ಆ ಮಿತಿಯು 511.

ಇನ್ನು ಒಳಗಿನ ಎಡೆಗಳ ವಿಚಾರ. ವೆಬ್ಬಿನ ಆದಿಯಲ್ಲಿ ಪದ್ಧತಿಯು ಸರಳವಾಗಿತ್ತು. ಅರ್ಥಿಯು ಬಂದು ಒಂದು ಪುಟವನ್ನು ಬೇಡುವನು, ಸರ್ವರ್ ಕೊಡುವದು, ಸಂಪರ್ಕವು ಮುಗಿಯುವದು. 1996ರಲ್ಲಿ ಗ್ರಂಥರೂಪಕ್ಕೆ ಬಂದ ಎಚ್‌ಟಿಟಿಪಿಯ 1.0 ನಿಯಮವು ಇದೇ ರೀತಿಯದು. ಆದರೆ ಪುಟಗಳಲ್ಲಿ ಚಿತ್ರಗಳು ಹೆಚ್ಚಿದಂತೆ ಒಂದು ಪುಟಕ್ಕೆ ಇಪ್ಪತ್ತು ಮೂವತ್ತು ಸಾರೆ ಬಾಗಿಲು ತಟ್ಟುವ ಪ್ರಸಂಗವು ಬಂದಿತು. ಪ್ರತಿ ಸಾರೆಯೂ ಮೂರು ಸಂದೇಶಗಳ ಉಪಚಾರವು ನಡೆಯಲೇಬೇಕು. ಪಲ್ಯಕ್ಕೊಮ್ಮೆ, ಅನ್ನಕ್ಕೊಮ್ಮೆ, ಮಜ್ಜಿಗೆಗೊಮ್ಮೆ ಹೊರಗೆ ಹೋಗಿ ಮತ್ತೆ ಸಾಲಿನಲ್ಲಿ ನಿಂತು ಬಾ ಎಂದರೆ ಹೇಗೋ ಹಾಗೆ. ಆದುದರಿಂದ 1997ರ 1.1 ನಿಯಮದಲ್ಲಿ ಸಂಪರ್ಕವನ್ನು ತೆರೆದೇ ಇಡುವದು ರೂಢಿಯೆಂದು ಗೊತ್ತಾಯಿತು. ಇದಕ್ಕೆ ಕೀಪ್-ಅಲೈವ್ ಎನ್ನುವರು. ಅಂದರೆ ಸಂಪರ್ಕವನ್ನು ಜೀವಂತವಾಗಿರಿಸುವದು. ಅರ್ಥಿಯು ಒಂದು ಬೇಡಿಕೆಯು ತೀರಿದ ಮೇಲೆ ಮತ್ತೊಂದನ್ನು ಅದೇ ಎಡೆಯಲ್ಲಿ ಕುಳಿತು ಬೇಡಬಹುದಾಯಿತು.

ಇದು ಉಪಕಾರವೇ ಸರಿ. ಆದರೆ ಈ ಉಪಕಾರದಿಂದಲೇ ಒಂದು ತೊಡಕು ಹುಟ್ಟಿತು. ಪುಟವು ತಲುಪಿದ ಮೇಲೆ ಅರ್ಥಿಯು ಅದನ್ನು ಓದುತ್ತ ಕುಳಿತುಕೊಳ್ಳುವನು. ಆಗ ಅವನು ಏನನ್ನೂ ಬೇಡುತ್ತಿಲ್ಲ, ಎದ್ದೂ ಹೋಗಿಲ್ಲ. ಇಂಥವನಿಗಾಗಿ ಎಷ್ಟು ಹೊತ್ತು ಕಾಯಬೇಕು? 1995ರಲ್ಲಿ ಹೊರಬಂದ ಅಪಾಚೆಯ ಹಳೆಯ ಪದ್ಧತಿಯಲ್ಲಿ ಒಬ್ಬ ಅರ್ಥಿಗೆ ಒಬ್ಬ ಬಡಿಸುವವನು ಎಂಬಂತೆ ಒಂದು ಸಂಪರ್ಕಕ್ಕೆ ಒಂದು ಪೂರ್ಣ ಕಾರ್ಯಘಟಕವು ಮೀಸಲಾಗಿರುತ್ತದೆ. ಬೇರೆ ಹೇಳದಿದ್ದರೆ ಏಕಕಾಲಕ್ಕೆ 256 ಘಟಕಗಳು. ಅದರ 2.0 ಆವೃತ್ತಿಯು ಸುಮ್ಮನೆ ಕುಳಿತ ಅರ್ಥಿಗಾಗಿ 15 ಸೆಕೆಂಡು ಕಾಯುತ್ತಿತ್ತು, ಮುಂದೆ 2.2ರಲ್ಲಿ ಅದನ್ನು 5 ಸೆಕೆಂಡಿಗೆ ಇಳಿಸಿದರು.

ಹತ್ತು ಸೆಕೆಂಡು ಕಡಿಮೆಯಾದರೆ ಏನಾಯಿತು ಎನ್ನುವವರು ಲೆಕ್ಕವನ್ನು ನೋಡಬೇಕು. ಒಬ್ಬ ಅರ್ಥಿಗೆ ಬಡಿಸಲು ಒಂದು ಸೆಕೆಂಡು ಬೇಕೆಂದೂ, ಬಳಿಕ ಅವನು 15 ಸೆಕೆಂಡು ಸುಮ್ಮನೆ ಕುಳಿತಿರುವನೆಂದೂ ಇಟ್ಟುಕೊಳ್ಳಿರಿ. ಒಂದು ಎಡೆಯು 16 ಸೆಕೆಂಡಿಗೊಮ್ಮೆ ಬರಿದಾಗುವದು. 256 ಎಡೆಗಳನ್ನು 16ರಿಂದ ಭಾಗಿಸಿದರೆ ಸೆಕೆಂಡಿಗೆ 16 ಅರ್ಥಿಗಳು ಮಾತ್ರ ತೃಪ್ತರಾದರು. ಕಾಯುವಿಕೆಯನ್ನು 5 ಸೆಕೆಂಡಿಗೆ ಇಳಿಸಿದರೆ ಎಡೆಯು 6 ಸೆಕೆಂಡಿಗೊಮ್ಮೆ ಬರಿದಾಗಿ, ಸೆಕೆಂಡಿಗೆ 42 ಅರ್ಥಿಗಳಿಗೆ ಸೇವೆಯು ಸಲ್ಲುವದು. ಯಂತ್ರವು ಅದೇ, ಅನ್ನವು ಅದೇ, ಬಡಿಸುವವರೂ ಅವರೇ. ಸತ್ಕಾರ ಪಡೆದವರ ಸಂಖ್ಯೆಯು ಮಾತ್ರ ಎರಡೂವರೆ ಪಟ್ಟಿಗೂ ಮಿಕ್ಕಿ ಬೆಳೆಯಿತು. ಒಳಗಿರುವವರ ಸಂಖ್ಯೆಯು ಬರುವವರ ವೇಗವನ್ನು ಇರುವ ಹೊತ್ತಿನಿಂದ ಗುಣಿಸಿದಷ್ಟು ಎಂಬ ಸೂತ್ರವನ್ನು ಜಾನ್ ಲಿಟ್ಲ್ ಎಂಬ ಅಮೇರಿಕದ ವಿದ್ವಾಂಸರು 1961ರಲ್ಲಿ ಸಾಧಿಸಿ ತೋರಿಸಿದರು. ಪಂಕ್ತಿಗೂ ಅದೇ ಸೂತ್ರ, ಸರ್ವರಿಗೂ ಅದೇ ಸೂತ್ರ.

ಎಡೆಗಳನ್ನೇ ಹೆಚ್ಚಿಸಬಾರದೇ ಎಂಬ ಪ್ರಶ್ನೆಯು ಸಹಜವಾಗಿದೆ. ಹುಬ್ಬಳ್ಳಿಯ ರೈಲು ನಿಲ್ದಾಣದ ಉದಾಹರಣೆಯು ಇಲ್ಲಿ ಉಪಯುಕ್ತವು. ಅಲ್ಲಿ ಮೊದಲು ಐದು ಪ್ಲಾಟಫಾರ್ಮುಗಳಿದ್ದವು; ನಿಲ್ದಾಣವನ್ನು ವಿಸ್ತರಿಸಿದಾಗ ಎಂಟಾದವು. ಅವುಗಳಲ್ಲೊಂದು 1507 ಮೀಟರು ಉದ್ದವಾಗಿದ್ದು, 2023ರ ಮಾರ್ಚ 12ರಂದು ಲೋಕಾರ್ಪಣವಾದಾಗ ಜಗತ್ತಿನಲ್ಲಿಯೇ ಅತಿ ಉದ್ದವಾದದ್ದೆಂದು ಪ್ರಸಿದ್ಧಿ ಪಡೆಯಿತು. ಇದರಿಂದ ನಿಲ್ದಾಣದ ಶಕ್ತಿಯು ಬೆಳೆದದ್ದು ನಿಜ. ಆದರೆ ಬಂದ ಪ್ರತಿಯೊಂದು ಗಾಡಿಯೂ ಪ್ರಯಾಣಿಕರನ್ನು ಇಳಿಸಿದ ಮೇಲೆ ತಾಸುಗಟ್ಟಲೆ ಅಲ್ಲಿಯೇ ನಿಂತಿತೆಂದರೆ ಎಂಟು ಪ್ಲಾಟಫಾರ್ಮುಗಳೂ ಸಾಲವು, ಹದಿನಾರೂ ಸಾಲವು. ಹಿಂದಿನ ಗಾಡಿಗಳು ಊರ ಹೊರಗೆ ಸಿಗ್ನಲಿನ ಮುಂದೆ ನಿಲ್ಲಲೇಬೇಕಾಗುವದು. ಸರ್ವರಿನಲ್ಲಿಯೂ ಪ್ರತಿಯೊಂದು ಘಟಕವು ನೆನಪಿನ ಜಾಗವನ್ನು ತಿನ್ನುತ್ತದೆ. ಮಿತಿಮೀರಿ ಹೆಚ್ಚಿಸಿದರೆ ಯಂತ್ರವು ಬಡಿಸುವದನ್ನು ಬಿಟ್ಟು ಬಡಿಸುವವರನ್ನು ಅತ್ತಿತ್ತ ಸರಿಸುವದರಲ್ಲಿಯೇ ಹೊತ್ತು ಕಳೆಯುವದು.

1999ರಲ್ಲಿ ಡ್ಯಾನ್ ಕೆಗೆಲ್ ಎಂಬವರು ಈ ತೊಡಕಿಗೆ ಒಂದು ಹೆಸರನ್ನೇ ಇಟ್ಟರು. ಒಂದೇ ಯಂತ್ರವು ಏಕಕಾಲಕ್ಕೆ ಹತ್ತು ಸಾವಿರ ಅರ್ಥಿಗಳನ್ನು ನೋಡಿಕೊಳ್ಳಬಲ್ಲುದೇ ಎಂಬುದೇ ಅವರ ಪ್ರಶ್ನೆಯಾಗಿತ್ತು. ಅದಕ್ಕೆ ದೊರೆತ ಸಮಾಧಾನವು ಬಹು ಸರಳವಾದದ್ದು: ಒಬ್ಬ ಅರ್ಥಿಗೆ ಒಬ್ಬ ಬಡಿಸುವವನು ಎಂಬ ಕಟ್ಟನ್ನು ಬಿಡುವದು. ಒಬ್ಬನೇ ಬಡಿಸುವವನು ಪಂಕ್ತಿಯನ್ನೆಲ್ಲ ನೋಡುತ್ತ ಯಾರು ಕೈಯೆತ್ತಿದರೋ ಅವರ ಕಡೆಗೆ ಮಾತ್ರ ಹೋಗುವದು. ಸುಮ್ಮನೆ ಕುಳಿತವರ ಮುಂದೆ ನಿಲ್ಲದಿರುವದು. ಯಾರು ಕೈಯೆತ್ತಿದರೆಂದು ತಿಳಿಸುವ ಅನುಕೂಲವು ಯಂತ್ರದ ಮೂಲತಂತ್ರಾಂಶದಲ್ಲಿಯೇ ಬೇಕು. ಫ್ರೀಬಿಎಸ್‌ಡಿಯಲ್ಲಿ 2000ದಲ್ಲಿ ಕೆಕ್ಯೂ ಎಂಬುದೂ, ಲಿನಕ್ಸಿನಲ್ಲಿ 2002ರಲ್ಲಿ ಈಪೋಲ್ ಎಂಬುದೂ ಇದೇ ಕೆಲಸಕ್ಕಾಗಿ ಬಂದವು. ಇವುಗಳನ್ನು ಆಧಾರವಾಗಿಟ್ಟುಕೊಂಡು ರಶಿಯದ ಇಗೊರ್ ಸಿಸೋಯೆವ್ ಎಂಬವರು ಎಂಜಿನ್‌ಎಕ್ಸ್ ಎಂಬ ಸರ್ವರನ್ನು ರಚಿಸಿ 2004ರಲ್ಲಿ ಲೋಕಕ್ಕೆ ಕೊಟ್ಟರು. ಅದರಲ್ಲಿ ಕೆಲವೇ ಘಟಕಗಳು ಸಾವಿರಾರು ಸಂಪರ್ಕಗಳನ್ನು ನೋಡಿಕೊಳ್ಳುವವು. ಅಪಾಚೆಯೂ 2012ರ 2.4 ಆವೃತ್ತಿಯಲ್ಲಿ ಇದೇ ದಾರಿಯನ್ನು ಹಿಡಿದು, ಸುಮ್ಮನೆ ಕುಳಿತವರನ್ನು ಒಬ್ಬ ಕಾವಲುಗಾರನಿಗೆ ಒಪ್ಪಿಸಿ ಬಡಿಸುವವರನ್ನು ಬಿಡುಗಡೆ ಮಾಡುವ ಪದ್ಧತಿಯನ್ನು ದೃಢಪಡಿಸಿತು.

ಇಷ್ಟರಿಂದ ಎಲ್ಲವೂ ಬಗೆಹರಿಯಿತೆಂದು ತಿಳಿಯಲಾಗದು. ಎಡೆಗಳು ಅಗ್ಗವಾದವು, ಅಡಿಗೆಯ ಮನೆಯು ಮೊದಲಿನಷ್ಟೇ ಉಳಿಯಿತು. ಸರ್ವರಿನ ಹಿಂದೆ ದಾಖಲೆಗಳ ಭಂಡಾರವಿರುತ್ತದೆ. ಅದನ್ನು ಡೇಟಾಬೇಸ್ ಎನ್ನುವರು. ಅದು ಏಕಕಾಲಕ್ಕೆ ಕೆಲವೇ ಹುಡುಕಾಟಗಳನ್ನು ಮಾಡಬಲ್ಲದು. ಮುಂಬಾಗಿಲಲ್ಲಿ ಹತ್ತು ಸಾವಿರ ಜನರನ್ನು ಕುಳ್ಳಿರಿಸಿ ಒಳಗೆ ಒಂದೇ ಒಲೆಯನ್ನು ಹೂಡಿದರೆ ಎಲ್ಲರ ಎಲೆಯೂ ಬರಿದಾಗಿಯೇ ಇರುವದು. ಆದುದರಿಂದ ಒಳಗೆ ಎಷ್ಟು ಬೇಯುವದೋ ಅದನ್ನು ಅಳೆದು ಹೊರಗೆ ಎಷ್ಟು ಜನರನ್ನು ಕರೆಯಬೇಕೆಂದು ನಿಶ್ಚಯಿಸತಕ್ಕದ್ದು.

ಇನ್ನು ದೋಷಪ್ರಕರಣ. ಬಂದವರೆಲ್ಲರೂ ಹಸಿದೇ ಬರುವರೆಂಬ ನಂಬಿಗೆಯ ಮೇಲೆ ಈ ಏರ್ಪಾಡೆಲ್ಲವೂ ನಿಂತಿದೆ. ಆ ನಂಬಿಗೆಯನ್ನು ಕೆಡಿಸುವವರೂ ಇರುವರು. 2009ರಲ್ಲಿ ಸ್ಲೋಲೋರಿಸ್ ಎಂಬ ಉಪದ್ರವಸಾಧನವು ಹೊರಬಂದಿತು. ಕನ್ನಡದಲ್ಲಿ ಕಾಡುಪಾಪವೆಂದು ಕರೆಯುವ ಪ್ರಾಣಿಯ ಬಳಗಕ್ಕೆ ಸೇರಿದ, ಬಲು ನಿಧಾನವಾಗಿ ನಡೆಯುವ ಒಂದು ಪ್ರಾಣಿಯ ಹೆಸರು ಅದು. ಅದರ ರೀತಿಯು ಹೆಸರಿಗೆ ತಕ್ಕಂತೆಯೇ ಇತ್ತು. ಒಂದೇ ಸಾಮಾನ್ಯ ಯಂತ್ರವು ನೂರಾರು ಸಂಪರ್ಕಗಳನ್ನು ತೆರೆದು, ಪ್ರತಿಯೊಂದರಲ್ಲಿಯೂ ಬೇಡಿಕೆಯ ಮೊದಲ ಸಾಲನ್ನು ಹೇಳಿ ಸುಮ್ಮನಾಗುವದು. ಇನ್ನೇನು ಎಬ್ಬಿಸಬೇಕೆನ್ನುವಷ್ಟರಲ್ಲಿ ಮತ್ತೊಂದು ತುಣುಕನ್ನು ಹೇಳುವದು. ಬೇಡಿಕೆಯು ಎಂದಿಗೂ ಪೂರ್ಣವಾಗದು. ಆ ಕಾಲದ ಅಪಾಚೆಯು ಅರ್ಥಿಯ ಮಾತಿಗಾಗಿ 300 ಸೆಕೆಂಡು ತಾಳಿಕೊಳ್ಳುತ್ತಿತ್ತು. ಹೀಗಾಗಿ 256 ಎಡೆಗಳೂ ಒಬ್ಬನೇ ಕಪಟಿಯ ವಶವಾಗಿ, ನಿಜವಾದ ಅರ್ಥಿಗಳು ಹೊರಗೇ ಉಳಿದರು. ಯಂತ್ರಕ್ಕೆ ಏನೂ ಭಾರವಿಲ್ಲ, ಅದು ತಣ್ಣಗಿರುತ್ತದೆ. ಆದರೂ ಬಾಗಿಲು ಮುಚ್ಚಿದಂತೆಯೇ.

ಕರ್ನಾಟಕದಲ್ಲಿಯೇ ಇದಕ್ಕೆ ಹತ್ತಿರವಾದ ಒಂದು ಪ್ರಸಂಗವು ನಡೆದಿದೆ. ಆಸ್ತಿಯ ನೋಂದಣಿಗಾಗಿ ಮುದ್ರಾಂಕ ಮತ್ತು ನೋಂದಣಿ ಇಲಾಖೆಯು 2023ರಲ್ಲಿ ಕಾವೇರಿ 2.0 ಎಂಬ ವ್ಯವಸ್ಥೆಯನ್ನು ಜಾರಿಗೆ ತಂದಿತು. ಹೊಲಮನೆಗಳ ಮೇಲೆ ಸಾಲವುಂಟೋ ಇಲ್ಲವೋ ಎಂಬುದನ್ನು ತೋರಿಸುವ ಋಣಭಾರ ಪತ್ರವೂ ಅದರಲ್ಲಿಯೇ ದೊರೆಯುವದು. 2025ರ ಜನವರಿಯಲ್ಲಿ ಈ ಪತ್ರದ ಹುಡುಕಾಟದ ಬಾಗಿಲಿಗೆ ಕಪಟ ಬೇಡಿಕೆಗಳು ಪ್ರವಾಹದಂತೆ ಬಂದವು. ಎರಡು ತಾಸುಗಳಲ್ಲಿ 6.2 ಲಕ್ಷ ಬೇಡಿಕೆಗಳು ಬಂದವೆಂದೂ, 62 ಇ-ಮೇಲ್ ಖಾತೆಗಳನ್ನೂ 14 ವಿಳಾಸಗಳನ್ನೂ ಇದಕ್ಕಾಗಿ ಬಳಸಿದ್ದರೆಂದೂ ಸರಕಾರದ ಕಡೆಯಿಂದ ತಿಳಿಸಲಾಯಿತು. ಸೆಕೆಂಡಿಗೆ ಸರಾಸರಿ 86 ಬೇಡಿಕೆಗಳಾದವು. ಒಂದೊಂದೂ ಭಂಡಾರದೊಳಗೆ ಹುಡುಕಾಟವನ್ನು ಹಚ್ಚತಕ್ಕದ್ದು. ಇಲ್ಲಿ ಕಪಟಿಯು ಸ್ಲೋಲೋರಿಸಿನಂತೆ ಎಡೆಯಲ್ಲಿ ನಿಧಾನವಾಗಿ ಕುಳಿತವನಲ್ಲ; ಬೇಡದ ಅಡಿಗೆಯನ್ನು ಬೇಡಿ ಬೇಡಿ ಒಲೆಯನ್ನೇ ಹಿಡಿದವನು. ಮಾರ್ಗವು ಬೇರೆಯಾದರೂ ಫಲವು ಒಂದೇ. ಮಗಳ ಮದುವೆಗೆ ಹೊಲವನ್ನು ಮಾರಿದವನು, ಮನೆಯ ಸಾಲಕ್ಕೆ ಬ್ಯಾಂಕಿನಲ್ಲಿ ದಿನವನ್ನು ಗೊತ್ತುಮಾಡಿಕೊಂಡವನು ಇಂಥ ಹೊತ್ತಿನಲ್ಲಿ ಉಪನೋಂದಣಿ ಕಚೇರಿಯ ಮುಂದೆ ಬರಿಗೈಯಿಂದ ನಿಲ್ಲುವನು.

ಇಲ್ಲಿ ಪೂರ್ವಪಕ್ಷವು ಎದ್ದು ನಿಲ್ಲುತ್ತದೆ. ನಿಧಾನವಾಗಿ ಮಾತಾಡುವವರೆಲ್ಲರನ್ನೂ ಕೂಡಲೆ ಹೊರಗೆ ಹಾಕಿರಿ. ಐದು ಸೆಕೆಂಡಿನೊಳಗೆ ಬೇಡಿಕೆಯನ್ನು ಮುಗಿಸದವನಿಗೆ ಎಡೆಯಿಲ್ಲವೆಂದು ಸಾರಿರಿ. ಕಪಟಿಗಳ ಕಾಟವು ತಾನೇ ತೊಲಗುವದು ಎಂದು. ಕೇಳುವದಕ್ಕೆ ಇದು ಯುಕ್ತವಾಗಿ ತೋರುತ್ತದೆ. ಆದರೆ ನಿಧಾನವಾಗಿ ಮಾತಾಡುವವರು ಯಾರು ಯಾರು ಎಂಬುದನ್ನು ವಿಚಾರಿಸಬೇಕು. ಕಲಘಟಗಿಯ ಕಡೆಯ ಅಡವಿಯಂಚಿನ ಹಳ್ಳಿಯಲ್ಲಿ, ಫೋನಿನ ಸಂಕೇತವು ಕ್ಷೀಣವಾಗಿರುವ ಮನೆಯ ಮಾಳಿಗೆಯ ಮೇಲೆ ನಿಂತು ಮಗನ ಅರ್ಜಿಯನ್ನು ಕಳುಹುತ್ತಿರುವ ತಾಯಿಯೂ ನಿಧಾನವಾಗಿಯೇ ಮಾತಾಡುವಳು. ಅವಳ ಮಾತು ತುಂಡುತುಂಡಾಗಿ ಬರುವದು, ನಡುವೆ ನಿಲ್ಲುವದು, ಮತ್ತೆ ಬರುವದು. ಸರ್ವರಿನ ಬಾಗಿಲಲ್ಲಿ ನಿಂತು ನೋಡಿದರೆ ಮೊದಮೊದಲು ಕಪಟಿಗೂ ಅವಳಿಗೂ ಭೇದವು ಕಾಣಿಸದು. ಅವಸರದ ನಿಯಮವನ್ನು ಮಾಡಿದರೆ ಪೇಟೆಯಲ್ಲಿ ವೇಗದ ತಂತಿಯುಳ್ಳವನಿಗೆ ಯಾವ ಬಾಧೆಯೂ ಇಲ್ಲ. ಬಡವಳು ಮಾತ್ರ ಹೊರಗೆ ಬೀಳುವಳು. ಯಾರಿಗಾಗಿ ಬಾಗಿಲನ್ನು ತೆರೆಯಿತೋ ಅವರನ್ನೇ ತಳ್ಳಿದಂತಾಗುವದು.

ಸಿದ್ಧಾಂತವು ಏನೆಂದರೆ, ನಿಧಾನವನ್ನು ದಂಡಿಸತಕ್ಕದ್ದಲ್ಲ, ಮುಂದುವರಿಯದಿರುವದನ್ನು ದಂಡಿಸತಕ್ಕದ್ದು. ಈ ಸೂಕ್ಷ್ಮವನ್ನು ಅಪಾಚೆಯವರು ಒಂದು ನಿಯಮದಲ್ಲಿ ಬಹು ಜಾಣ್ಮೆಯಿಂದ ಅಳವಡಿಸಿದ್ದಾರೆ. ರೆಕ್‌ಟೈಮೌಟ್ ಎಂಬ ಅದರ ಉಪಾಂಗವು ಬೇಡಿಕೆಯ ಶಿರೋಭಾಗಕ್ಕಾಗಿ ಮೊದಲು 20 ಸೆಕೆಂಡು ಕೊಡುವದು. ಬಳಿಕ ಅರ್ಥಿಯಿಂದ 500 ಬೈಟುಗಳು ಬಂದಂತೆಲ್ಲ ಒಂದೊಂದು ಸೆಕೆಂಡನ್ನು ಹೆಚ್ಚಿಸುತ್ತ ಹೋಗುವದು. ಒಟ್ಟಿನಲ್ಲಿ 40 ಸೆಕೆಂಡನ್ನು ಮೀರದು. ಅಂದರೆ ಮಾತು ತೊದಲಿದರೂ ಮುಂದುವರಿಯುತ್ತಿರುವವನಿಗೆ ಹೆಚ್ಚಿನ ಅವಧಿಯು ತಾನಾಗಿ ದೊರೆಯುವದು. ಒಂದು ಅಕ್ಷರವನ್ನು ಉಸುರಿ ಸುಮ್ಮನೆ ಕುಳಿತವನಿಗೆ ದೊರೆಯದು. ಎಂಜಿನ್‌ಎಕ್ಸಿನಲ್ಲಿ ಬೇಡಿಕೆಯ ಶಿರೋಭಾಗಕ್ಕೆ ರೂಢಿಯ ಅವಧಿಯು 60 ಸೆಕೆಂಡು. ಸುಮ್ಮನೆ ಕುಳಿತವನಿಗೆ 75. ಎಡೆಗಳು ಅಲ್ಲಿ ಅಗ್ಗವಾದುದರಿಂದ ತಾಳ್ಮೆಯೂ ಹೆಚ್ಚು. ಹೀಗೆ ಅವಧಿಯ ಸಂಖ್ಯೆಯನ್ನು ಗ್ರಂಥದಿಂದ ನಕಲು ಮಾಡುವದಲ್ಲ. ತನ್ನ ಎಡೆಗಳೆಷ್ಟು, ತನ್ನ ಅರ್ಥಿಗಳು ಯಾರು ಎಂಬುದನ್ನು ನೋಡಿ ಗೊತ್ತುಪಡಿಸುವದು.

ಎರಡನೆಯ ಪೂರ್ವಪಕ್ಷವೊಂದುಂಟು. ಒಂದು ವಿಳಾಸದಿಂದ ಹತ್ತಕ್ಕಿಂತ ಹೆಚ್ಚು ಸಂಪರ್ಕಗಳು ಬಂದರೆ ಬಿಡಬೇಡಿರಿ. ಒಬ್ಬನಿಗೆ ಹತ್ತು ಎಡೆಗಳೇಕೆ ಎಂದು. ಇದಕ್ಕೆ ಬೇಕಾದ ಸಾಧನಗಳು ಎಂಜಿನ್‌ಎಕ್ಸಿನಲ್ಲಿ ಸಿದ್ಧವಾಗಿಯೇ ಇವೆ. ಆದರೆ ವಿಳಾಸವೂ ವ್ಯಕ್ತಿಯೂ ಒಂದೇ ಅಲ್ಲ. ಧಾರವಾಡವು ವಿದ್ಯಾರ್ಥಿಗಳ ಊರು. ಇಲ್ಲಿಯ ಪ್ರಸಾದನಿಲಯಗಳಲ್ಲಿ, ವಸತಿಗೃಹಗಳಲ್ಲಿ ನೂರಾರು ಹುಡುಗರು ಒಂದೇ ತಂತಿಯನ್ನು ಹಂಚಿಕೊಂಡಿರುವರು. ಹೊರಗಿನಿಂದ ನೋಡಿದರೆ ಅವರೆಲ್ಲರದೂ ಒಂದೇ ವಿಳಾಸ. ಮೊಬಾಯಿಲ್ ಕಂಪನಿಗಳೂ ವಿಳಾಸಗಳ ಕೊರತೆಯಿಂದ ಬಹು ಮಂದಿ ಗಿರಾಕಿಗಳನ್ನು ಒಂದೇ ವಿಳಾಸದ ಹಿಂದೆ ನಿಲ್ಲಿಸುವವು. ಫಲಿತಾಂಶದ ದಿವಸ ನೂರು ಹುಡುಗರು ಒಮ್ಮೆಲೆ ಕೇಳಿದರೆ ಅದು ಕಪಟವಲ್ಲ, ಕಾತರ. ಹತ್ತರ ನಿಯಮವು ತೊಂಬತ್ತು ನಿರಪರಾಧಿಗಳನ್ನು ತಡೆಯುವದು. ಆದಕಾರಣ ವಿಳಾಸದ ಮಿತಿಯನ್ನು ಸಡಿಲವಾಗಿಟ್ಟು, ಪ್ರವೇಶ ಪಡೆದ ಬಳಿಕ ಖಾತೆಯಿಂದಲೂ ನಡತೆಯಿಂದಲೂ ಪರೀಕ್ಷಿಸುವದು ಉತ್ತಮ. ಭಾರವಾದ ಹುಡುಕಾಟಗಳಿಗೆ ಬಿಗಿಯಾದ ಮಿತಿಯನ್ನೂ ಹಗುರವಾದ ಪುಟಗಳಿಗೆ ಉದಾರವಾದ ಮಿತಿಯನ್ನೂ ಇಡುವದು ವಿವೇಕವು.

ಇಷ್ಟೆಲ್ಲ ಮಾಡಿದರೂ ಎಡೆಗಳು ತುಂಬುವ ದಿನವು ಬರುತ್ತದೆ. ಆಗ ಏನು ಮಾಡಬೇಕು? ಎಲ್ಲರನ್ನೂ ಒಳಗೆ ನುಗ್ಗಗೊಟ್ಟರೆ ಕುಳಿತವರಿಗೂ ಇಲ್ಲ, ನಿಂತವರಿಗೂ ಇಲ್ಲ. ಸಾಲನ್ನು ಬಲು ಉದ್ದವಾಗಿ ಬೆಳೆಯಗೊಟ್ಟರೆ ಸರದಿಯು ಬರುವಷ್ಟರಲ್ಲಿ ಅರ್ಥಿಯು ಬೇಸತ್ತು ಹೋಗಿಬಿಟ್ಟಿರುವನು. ಎದ್ದು ಹೋದವನ ಎಲೆಗೆ ಬಡಿಸಿದಂತಾಗಿ ಅನ್ನವೂ ವ್ಯರ್ಥ, ಶ್ರಮವೂ ವ್ಯರ್ಥ. ಇಂಥ ಸಮಯಕ್ಕಾಗಿಯೇ 503 ಎಂಬ ಉತ್ತರವನ್ನು ನಿಯಮಕಾರರು ಇಟ್ಟಿದ್ದಾರೆ. “ಸದ್ಯಕ್ಕೆ ಸೇವೆಯು ಸಾಧ್ಯವಿಲ್ಲ” ಎಂದು ಅದರ ಅರ್ಥ. ಅದರೊಡನೆ ಇಷ್ಟು ಸೆಕೆಂಡಿನ ಬಳಿಕ ಬರಬೇಕೆಂದು ತಿಳಿಸುವ ಅನುಕೂಲವೂ ಉಂಟು. ಒಬ್ಬನೇ ಮೇಲಿಂದ ಮೇಲೆ ಬೇಡುತ್ತಿದ್ದರೆ ಅವನಿಗೆ ಹೇಳಲು 429 ಎಂಬುದನ್ನು 2012ರಲ್ಲಿ ಗೊತ್ತುಪಡಿಸಿದರು. ತಡವಾಗಿ ಮೌನದಿಂದ ನಿರಾಕರಿಸುವದಕ್ಕಿಂತ ಬೇಗನೆ ವಿನಯದಿಂದ ನಿಜವನ್ನು ಹೇಳುವದು ಶ್ರೇಷ್ಠವು. ಕಚೇರಿಯ ಕಿಟಕಿಯಲ್ಲಿ ನಿಂತವನಿಗೆ “ಹನ್ನೊಂದು ಗಂಟೆಗೆ ಬರ್ರಿ” ಎಂದರೆ ಅವನು ಅಷ್ಟರೊಳಗೆ ಮತ್ತೊಂದು ಕೆಲಸವನ್ನು ಮುಗಿಸಿಕೊಂಡು ಬರಬಲ್ಲನು. ಏನನ್ನೂ ಹೇಳದೆ ನಿಲ್ಲಿಸಿದರೆ ಅವನ ದಿನವೇ ಹಾಳು.

ಬೀಳ್ಕೊಡುವದರಲ್ಲಿಯೂ ಕ್ರಮವಿದೆ. ಸಂಪರ್ಕವು ಮುಗಿಯುವಾಗ ಎರಡೂ ಕಡೆಯವರು “ನನ್ನ ಮಾತು ಮುಗಿಯಿತು” ಎಂದು ತಿಳಿಸುವರು. ಮೊದಲು ಮುಗಿಸಿದವರ ಕಡೆಯಲ್ಲಿ ಆ ಸಂಪರ್ಕದ ಗುರುತು ಸ್ವಲ್ಪ ಹೊತ್ತು, ಲಿನಕ್ಸಿನಲ್ಲಿ 60 ಸೆಕೆಂಡು, ಉಳಿದಿರುತ್ತದೆ. ದಾರಿಯಲ್ಲಿ ತಡವಾದ ಮಾತೊಂದು ಆಮೇಲೆ ಬಂದು ಹೊಸ ಸಂಪರ್ಕದೊಡನೆ ಬೆರೆಯಬಾರದೆಂಬುದೇ ಇದರ ಕಾರಣ. ಸರ್ವರನ್ನೇ ಬದಲಿಸುವ ಅಥವಾ ನಿಲ್ಲಿಸುವ ಪ್ರಸಂಗವು ಬಂದಾಗಲೂ ದೀಪವನ್ನು ಊದಿದಂತೆ ಆರಿಸತಕ್ಕದ್ದಲ್ಲ. ಹೊಸಬರನ್ನು ಕರೆಯುವದನ್ನು ಮೊದಲು ನಿಲ್ಲಿಸಿ, ಕುಳಿತವರ ಊಟವು ಮುಗಿಯುವ ವರೆಗೆ ಬಡಿಸಿ, ಬಳಿಕ ಒಲೆಯನ್ನು ಆರಿಸುವದು. ಅಪಾಚೆಯಲ್ಲಿ ಗ್ರೇಸ್‌ಫುಲ್ ಎಂಬ ಆಜ್ಞೆಯೂ ಎಂಜಿನ್‌ಎಕ್ಸಿನಲ್ಲಿ ಕ್ವಿಟ್ ಎಂಬ ಆಜ್ಞೆಯೂ ಈ ಮರ್ಯಾದೆಗಾಗಿಯೇ ಇವೆ. ಹಣವನ್ನು ತುಂಬಿ ರಸೀದಿಗಾಗಿ ಕಾದು ಕುಳಿತವನಿಗೆ ಈ ಮರ್ಯಾದೆಯ ಬೆಲೆಯು ಎಷ್ಟೆಂಬುದು ಗೊತ್ತಿರುತ್ತದೆ.

ಹೊಸ ನಿಯಮಗಳು ಈ ಕಷ್ಟಗಳಲ್ಲಿ ಕೆಲವನ್ನು ಹಗುರ ಮಾಡಿವೆ. 2015ರಲ್ಲಿ ಪ್ರಕಟವಾದ ಎಚ್‌ಟಿಟಿಪಿ 2ರಲ್ಲಿ ಒಂದೇ ಸಂಪರ್ಕದೊಳಗೆ ಅನೇಕ ಬೇಡಿಕೆಗಳು ಒಟ್ಟಿಗೆ ಹರಿಯಬಲ್ಲವು. ಒಬ್ಬ ಅರ್ಥಿಗೆ ಆರು ಎಂಟು ಎಡೆಗಳನ್ನು ಹಿಡಿಯುವ ಅವಶ್ಯಕತೆಯು ತಪ್ಪಿತು. 2022ರ ಎಚ್‌ಟಿಟಿಪಿ 3ರಲ್ಲಿ ಸಂಪರ್ಕಕ್ಕೆ ತನ್ನದೇ ಆದ ಗುರುತನ್ನು ಕೊಟ್ಟಿರುವರು. ಮನೆಯ ವೈಫೈಯನ್ನು ಬಿಟ್ಟು ಹುಬ್ಬಳ್ಳಿಯಿಂದ ಧಾರವಾಡಕ್ಕೆ ಬಸ್ಸು ಹತ್ತಿದವನ ವಿಳಾಸವು ದಾರಿಯಲ್ಲಿ ಬದಲಾದರೂ ಸಂಪರ್ಕವು ಕಡಿಯಬೇಕಾಗಿಲ್ಲ. ಆದರೂ ಎಷ್ಟು ಹೊತ್ತು ಕಾಯಬೇಕು, ಯಾರನ್ನು ಬಿಡಬೇಕು ಎಂಬ ಪ್ರಶ್ನೆಯು ಹೋಗಲಿಲ್ಲ, ಹೋಗುವಂಥದೂ ಅಲ್ಲ. ಅದನ್ನು ನಿರ್ಣಯಿಸುವವನು ಸರ್ವರನ್ನು ನೋಡಿಕೊಳ್ಳುವ ಮನುಷ್ಯನೇ.

ಪಾಠಶಾಲೆಯ ವಿದ್ಯಾರ್ಥಿಗಳಲ್ಲಿ ಕೆಲವರು ಮುಂದೆ ಈ ವಿದ್ಯೆಯನ್ನೂ ಕಲಿಯುವರು. 1947ರಲ್ಲಿ ಹುಬ್ಬಳ್ಳಿಯಲ್ಲಿ ಎಂಜಿನಿಯರಿಂಗ ಕಾಲೇಜು ಪ್ರಾರಂಭವಾದಂದಿನಿಂದ ಈ ಜೋಡಿನಗರದಲ್ಲಿ ಯಂತ್ರವಿದ್ಯೆಯು ಬೇರೂರಿದೆ. 2016ರಿಂದ ಧಾರವಾಡದಲ್ಲಿ ಐಐಟಿಯೂ ನಡೆದಿದೆ. ಅವರಿಗೆ ಹೇಳತಕ್ಕ ಮಾತು ಇಷ್ಟೇ. ಸರ್ವರಿನ ದಿನಚರಿಯ ಪುಸ್ತಕದಲ್ಲಿ ಅವಧಿ ಮೀರಿತೆಂದು ಕಡಿದುಹಾಕಿದ ಸಂಪರ್ಕಗಳ ಪಟ್ಟಿಯಿರುತ್ತದೆ. ಬಹು ಮಂದಿ ಅದನ್ನು ತೆರೆದು ನೋಡುವದಿಲ್ಲ. ಅದನ್ನು ದಿನಾಲು ನೋಡತಕ್ಕದ್ದು. ಆ ಪಟ್ಟಿಯಲ್ಲಿ ಕಪಟಿಗಳೂ ಇರುವರು, ಮಾಳಿಗೆಯ ಮೇಲೆ ನಿಂತ ಆ ತಾಯಿಯೂ ಇರುವಳು. ಕಪಟಿಯು ಮಾತ್ರ ಅದರಲ್ಲಿದ್ದರೆ ನಿಯಮವು ಸರಿಯಾಗಿದೆ. ತಾಯಿಯೂ ಅದರಲ್ಲಿ ಕಂಡರೆ ನಿಯಮವನ್ನು ಆ ದಿವಸವೇ ತಿದ್ದತಕ್ಕದ್ದು. ಬಾಗಿಲನ್ನು ಕಾಯುವವನು ಒಳಗಿದ್ದವರ ಸಂಖ್ಯೆಯಿಂದ ತೃಪ್ತನಾಗದೆ, ಹೊರಗಿನಿಂದಲೇ ಹಿಂದಿರುಗಿದವರ ಲೆಕ್ಕವನ್ನು ಇಟ್ಟಾಗಲೇ ಸೇವೆಯು ಪೂರ್ಣವಾಗುವದು.

 ದಾಸೋಹದ ಗಂಟೆಯು ಆಗುವ ಹೊತ್ತಾಯಿತು. ಹೊರಗೆ ಸಾಲು ಬೆಳೆಯುತ್ತಿರಬಹುದು. ಆದುದರಿಂದ ಉಪನ್ಯಾಸವನ್ನು ಇಲ್ಲಿಗೆ ಮುಗಿಸುವದು ವಿಷಯಕ್ಕೂ ಉಚಿತವಾಗಿದೆ.